ಅಣ್ಣನ ರಕ್ತಕ್ಕೆ ಹನ್ನೆರಡು ಪೆಟ್ಟು

ಕೌಲೂನ್, ಹಾಂಗ್‌ಕಾಂಗ್
11 ಮಾರ್ಚ್ 1973

ಅಕ್ಕಾ,

ಅಮ್ಮನ ಮಂಡಿನೋವಿಗೆ ಕಳಿಸಿದ ಎಣ್ಣೆ ತಲುಪಿತಾ? ಈ ಸಲ ನನ್ನ ಹತ್ತಿರ ಒಂದು ಸುದ್ದಿ ಇದೆ. ಕೈಯಲ್ಲಿರುವ ಕೆಲಸ ಬಿಟ್ಟು ಕೂತು ಓದು.

ನಮ್ಮ ಸಿನಿಮಾ ಕಂಪನಿ ಎಂಥದ್ದು ಅಂತ ಹಿಂದೆಯೇ ಬರೆದಿದ್ದೆ. ಕ್ಯಾಮೆರಾ ಬಾಡಿಗೆಯದು, ಕತ್ತಿಗಳು ಮರದವು, ಬಿದಿರುಮೆಳೆ ಒಂದೇ ಒಂದು. ಹೀರೋ ಯಾವ ಸೀಮೆಗೆ ಹೋದರೂ ಅದೇ ಮೆಳೆಯಲ್ಲಿ ಓಡಬೇಕು. ನಮ್ಮ ಹೀರೋ ಮೂಲತಃ ಹಾಡುಗಾರ. ಮುಖ ಚೆನ್ನಾಗಿದೆ, ಕಾಲು ಸೊಂಟದ ಮೇಲೆ ಏಳುವುದಿಲ್ಲ. ಅದಕ್ಕೇ ಅವನ ಬೆನ್ನು ಮಾತ್ರ ಕಾಣುವ ಕಡೆಯಲ್ಲೆಲ್ಲ ಒದೆಯುವವಳು, ಹಾರುವವಳು, ಬೀಳುವವಳು ನಾನು. ಅವನ ಅಂಗಿ ತೊಟ್ಟು, ಅವನಂಥದೇ ಟೋಪನ್ ಇಟ್ಟುಕೊಂಡು.

ಹೋದ ವಾರ ಊಟಕ್ಕೆ ಕೂತಾಗ ನಿರ್ದೇಶಕ ಕ್ವಾನ್ ತಲೆ ಕೆರೆದುಕೊಳ್ಳುತ್ತಿದ್ದ. ಮುಂದಿನ ಪಿಕ್ಚರ್‌ಗೆ ಕಥೆಯೇ ಸಿಕ್ಕಿರಲಿಲ್ಲ. ನಾನು ಕಮ್ ಶೆಂಗ್ ಅಣ್ಣನ ವಿಷಯ ಹೇಳಿದೆ. ತವರದ ಗಣಿಯ ಗೋಡೆ ಕುಸಿದು ಐದು ಜನ ಮಣ್ಣಾಗಿದ್ದು, ಅವರ ಹೆಂಡಂದಿರನ್ನು ಕರಕೊಂಡು ಅಣ್ಣ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿದ್ದು, ಗಣಿ ಯಜಮಾನ ಚೌ ಪಾಕ್ ತಿನ್ ಅವನನ್ನು ಮುಗಿಸಿ ಗಣಿಹೊಂಡಕ್ಕೆ ಎಸೆಸಿದ್ದು, ಊರಿನ ಪೊಲೀಸರು 'ಈಜಲು ಹೋಗಿ ಮುಳುಗಿದ' ಅಂತ ಬರೆದು ಕೈತೊಳೆದುಕೊಂಡಿದ್ದು, ಎಲ್ಲ. ಕ್ವಾನ್ ಚಾಪ್‌ಸ್ಟಿಕ್ ಕೆಳಗಿಟ್ಟುಬಿಟ್ಟ. "ಇದೇ ಪಿಕ್ಚರ್! ಅಣ್ಣನ್ನ ಕೊಂದೋನ್ನ ಹುಡುಕ್ಕೊಂಡು ತಮ್ಮ ಬರ್ತಾನೆ. 'ಅಣ್ಣನ ರಕ್ತಕ್ಕೆ ಹನ್ನೆರಡು ಪೆಟ್ಟು'! ನೋಡು, ಹೆಸರೂ ಸಿಕ್ತು!" ಅಂದ.

ಅಕ್ಕಾ, ಆ ಹನ್ನೆರಡು ಪೆಟ್ಟು ಕೊಡುವ ಕಾಲು ನನ್ನದು. ಅಣ್ಣನೇ ಕಲಿಸಿದ ಕಾಲು.

ಅವತ್ತು ಅವನು ಯಾವ ಅಂಗಿ ಹಾಕಿದ್ದ? ಮನೆಯಿಂದ ಹೊರಡುವಾಗ ಏನಂದ? ಹೊಂಡದ ದಂಡೆಯ ಮೇಲೆ ಅವನನ್ನು ಮೊದಲು ನೋಡಿದವಳು ನೀನು. ನೋಡಿದ್ದನ್ನೆಲ್ಲ ಬರೆ. ಕ್ವಾನ್ ಕೇಳುತ್ತಿದ್ದಾನೆ.

ನಿನ್ನ ತಂಗಿ,
ಯೋಕ್ ಚಿಂಗ್

ಸುಂಗೈ ಕೆಲಾಂಬು, ಪೆರಾಕ್
28 ಮಾರ್ಚ್ 1973

ಯೋಕ್ ಚಿಂಗ್,

ಎಣ್ಣೆ ತಲುಪಿತು.

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಅಮ್ಮನಿಗೆ ಓದಲು ಬರುವುದಿಲ್ಲ, ಆದರೂ ಹಾಕಿದೆ. ಮಗ ಮುಳುಗಿ ಸತ್ತ ಅಂತಲೇ ಅವಳು ನಂಬಿದ್ದಾಳೆ. ಹಾಗೇ ನಂಬಿಕೊಂಡಿರಲಿ ಅಂತ ಅವನ ಹೆಣದ ಪಕ್ಕ ನಿಂತು ಪಿಸುಗುಟ್ಟಿಕೊಂಡವರು ನಾವಿಬ್ಬರೇ. ಹಾಂಗ್‌ಕಾಂಗಿನ ಗಾಳಿಗೆ ಅದೂ ಮರೆತುಹೋಯಿತಾ?

ಯಾವ ಅಂಗಿ ಅಂತ ಕೇಳುತ್ತೀಯ. ಯಾಕೆ, ದರ್ಜಿಗೆ ಅಳತೆ ಕೊಡಬೇಕಾ? ಅಮ್ಮ ಹೊಳೆಯಲ್ಲಿ ಮಂಡಿಯುದ್ದ ನೀರಿಗಿಳಿದು ತವರದ ಮಣ್ಣು ತೊಳೆಯುತ್ತಿದ್ದ ಕಾಲದಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ನಿನಗೆ ಅವನು ಅಣ್ಣ. ನನಗೆ ತಮ್ಮ ಮಾತ್ರ ಅಲ್ಲ, ನನ್ನ ಕೈತುತ್ತು ತಿಂದು ಬೆಳೆದ ಮಗು. ಅವನ ಕೊನೆಯ ಮಾತು ನನ್ನ ಹತ್ತಿರ ಇದೆ. ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕಲ್ಲಂಗಡಿ ಬೀಜದ ಸಿಪ್ಪೆ ಉಗಿಯುವವರ ಮುಂದೆ ಅದನ್ನು ಹರಾಜು ಹಾಕು ಅಂತ ನಿನಗೆ ಹೇಳಿದವರು ಯಾರು?

ನೀನು ಸಮುದ್ರದ ಆಚೆ ಇದ್ದೀಯ. ಮರದ ಕತ್ತಿ ಹಿಡಿದು ಎಷ್ಟು ಬೇಕಾದರೂ ಕುಣಿ. ನಾವು ಚೌ ಪಾಕ್ ತಿನ್‌ನ ಬೀದಿಯಲ್ಲಿ ನಡೆದೇ ಉಪ್ಪು ತರಬೇಕು. ನಾನು ಮನೆಯಲ್ಲಿ ಬಟ್ಟೆ ಹೊಲಿದುಕೊಂಡು ಅಮ್ಮನನ್ನು ನೋಡಿಕೊಂಡಿದ್ದೇನೆ. ಅಷ್ಟು ಬಿಟ್ಟುಬಿಡು ನಮಗೆ.

ಆ ಪಿಕ್ಚರ್ ಬೇಡ ಅಂತ ನಿನ್ನ ಕ್ವಾನ್‌ಗೆ ಹೇಳು. ಹೇಳಲು ಆಗದಿದ್ದರೆ ನನಗೆ ಬರೆಯಬೇಡ.

ಲಾನ್ ಹೋ

ಕೌಲೂನ್
15 ಏಪ್ರಿಲ್ 1973

ಅಕ್ಕಾ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ. ಇದನ್ನೂ ಒಲೆಗೆ ಹಾಕು, ಅನ್ನವಾದರೂ ಬೇಯಲಿ.

ಹರಾಜು ಅಂತೀಯ. ಅವನ ಮಣ್ಣಿಗೆ ಬಂದಿದ್ದ ಜನ ನೆನಪಿದೆಯಾ? ಒಬ್ಬರೂ ತಲೆ ಎತ್ತಲಿಲ್ಲ. ಚೌ ಕಳಿಸಿದ ಹೂವಿನ ಚಕ್ರವನ್ನು ಶವಪೆಟ್ಟಿಗೆಯ ಮುಂದೆಯೇ ಇಟ್ಟಿದ್ದರು, ಎಲ್ಲಕ್ಕಿಂತ ದೊಡ್ಡದು. ನಾನು ಅದನ್ನು ಒದ್ದೆ. ಆಗ ನೀನು ಹೊಡೆದೆ. ಚೌಗಲ್ಲ, ನನ್ನ ಕೆನ್ನೆಗೆ. ಅವತ್ತೇ ನಾನು ಈ ಊರಲ್ಲಿ ಇರುವುದಿಲ್ಲ ಅಂತ ತೀರ್ಮಾನಿಸಿದ್ದು. ಅಲ್ಲಿ ಒದೆಯಲು ಬಿಡಲಿಲ್ಲ ನೀವು. ಇಲ್ಲಿ ಒದೆಯುತ್ತೇನೆ.

ಆದರೆ ನಿನಗೆ ಸಂತೋಷವಾಗುವ ಒಂದು ವಿಷಯ ಹೇಳಲಾ? ಕ್ವಾನ್ ಅಣ್ಣನನ್ನು ಕುಡುಕನನ್ನಾಗಿ ಮಾಡಿದ್ದಾನೆ. ಕುಡಿದು ತೂರಾಡುತ್ತಲೇ ಇಪ್ಪತ್ತು ಜನರನ್ನು ಉರುಳಿಸಿ, ಇಪ್ಪತ್ತೊಂದನೆಯವನ ಕತ್ತಿಗೆ ಸಿಕ್ಕಿ ಸಾಯುತ್ತಾನಂತೆ. ಜಗಳ ಯಾತಕ್ಕೆ? ಹಾಡುವ ಹುಡುಗಿಯೊಬ್ಬಳಿಗೋಸ್ಕರ. "ಅವನು ಜನ್ಮದಲ್ಲಿ ಕುಡಿದಿಲ್ಲ" ಅಂತ ಕಿರುಚಿದೆ. "ಕುಡೀದಿದ್ರೆ ಜನಕ್ಕೆ ಹೇಗಮ್ಮ ಇಷ್ಟ ಆಗ್ತಾನೆ? ಗಣಿ, ಇಲಾಖೆ, ಅರ್ಜಿ ಅಂತ ತೋರಿಸಿದ್ರೆ ಎದ್ದು ಹೋಗ್ತಾರೆ" ಅಂತ ಹಲ್ಲು ಕಿರಿದ. ಕೈಯಲ್ಲಿದ್ದ ಮರದ ಕತ್ತಿಯನ್ನು ಮಂಡಿಗೆ ಬಡಿದು ಎರಡು ತುಂಡು ಮಾಡಿದೆ. "ಅದು ನಾಳೆ ಶಾಟ್‌ಗೆ ಬೇಕಿತ್ತು" ಅಂದ, ಅಷ್ಟೆ.

ನಿಜ ಏನು ಅಂತ ನೀನು ಬರೆದಿದ್ದರೆ ಅವನ ಮುಖಕ್ಕೆ ಹಿಡಿಯಬಹುದಿತ್ತು. ನೀನು ಬರೆಯಲಿಲ್ಲ. ಇನ್ನು ಅವನು ಬರೆದದ್ದೇ ಕಥೆ. ನಿನ್ನ ತಮ್ಮ ಕುಡುಕ. ಚೌಗೂ ಇದೇ ಬೇಕಾಗಿತ್ತು.

ಯೋಕ್ ಚಿಂಗ್

ಕೌಲೂನ್
3 ಜೂನ್ 1973

ಲಾನ್ ಹೋ,

ಅಕ್ಕ ಅಂತ ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಮಾರುಕಟ್ಟೆಯಲ್ಲಿ ನಮ್ಮೂರಿನ ಬಟ್ಟೆ ಅಂಗಡಿಯ ಯೀಯವರ ಸೊಸೆ ಸಿಕ್ಕಿದ್ದಳು. ಅವಳ ತವರು ಇಲ್ಲಿಯೇ. "ನಿಮ್ಮಕ್ಕ ಪುಣ್ಯವಂತೆ ಕಣೆ, ನೆರಳಲ್ಲಿ ಕೂತು ಮಾಡೋ ಕೆಲಸ. ಚೌ ಟಾಕೀಸಲ್ಲಿ ಟಿಕೆಟ್ ಕೊಡ್ತಾಳೆ. ಯಜಮಾನ್ರು ಎಷ್ಟು ದೊಡ್ಡ ಮನಸ್ಸು ಮಾಡಿದಾರೆ ನೋಡು" ಅಂದಳು. ನಾನು ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಬಂದೆ.

ಮನೆಯಲ್ಲಿ ಬಟ್ಟೆ ಹೊಲಿಯುತ್ತೀಯಾ? ಅಣ್ಣನನ್ನು ಹರಾಜು ಹಾಕುತ್ತೀಯ ಅಂತ ನನಗಂದೆಯಲ್ಲ, ಕೊಂದವನ ಬಾಗಿಲಲ್ಲಿ ಕೂತು ದಿನಕ್ಕೆ ಮೂರು ಆಟ ಮಾರುವವಳು ಯಾರು? ಅವನು ಕೊಡುವ ಅಕ್ಕಿಯನ್ನು ಅಮ್ಮನಿಗೂ ಉಣ್ಣಿಸುತ್ತಿದ್ದೀಯ. ಅದು ಗಂಟಲಲ್ಲಿ ಇಳಿಯುತ್ತಾ?

ಉತ್ತರ ಬೇಡ. ಅಥವಾ ಕೊಡು. ಏನಂತ ಬರೆಯುತ್ತೀಯೋ ನೋಡಬೇಕು ನಾನು.

ಯೋಕ್ ಚಿಂಗ್

ಸುಂಗೈ ಕೆಲಾಂಬು
20 ಜೂನ್ 1973

ಯೋಕ್ ಚಿಂಗ್,

ಹೌದು. ಚೌ ಟಾಕೀಸಿನ ಟಿಕೆಟ್ ಕಿಟಕಿಯಲ್ಲಿ ಕೂರುವವಳು ನಾನೇ. ಎರಡು ವರ್ಷವಾಯಿತು. ಈಗ ನಾನು ಹೇಳುವುದನ್ನು ಬಾಯಿ ಮುಚ್ಚಿಕೊಂಡು ಓದು.

ನೀನು ಹಡಗು ಹತ್ತಿದೆ. ನಾನು ಪೊಲೀಸರ ಹತ್ತಿರ ಹೋಗಿ, ಮುಳುಗಿದವನ ಕುತ್ತಿಗೆ ಹಾಗಿರುವುದಿಲ್ಲ, ಪಕ್ಕೆ ಹಾಗಿರುವುದಿಲ್ಲ ಅಂತ ಹೇಳಿದೆ. ಮಾರನೆಯ ದಿನದಿಂದ ನನಗೆ ಹೊಲಿಯಲು ಒಂದು ತುಂಡು ಬಟ್ಟೆ ಬರಲಿಲ್ಲ. ರಬ್ಬರ್ ತೋಟದ ಮೇಸ್ತ್ರಿ ಗೇಟಿನಲ್ಲೇ ತಡೆದ. ನೂಡಲ್ ಅಂಗಡಿಯವಳು ತಟ್ಟೆ ತೊಳೆಯಲೂ ಬೇಡ ಅಂದಳು. ಆಮೇಲೆ ಚೌ ಪಾಕ್ ತಿನ್ ತಾನೇ ಹೇಳಿಕಳಿಸಿದ: "ಕಮ್ ಶೆಂಗ್ ಮನೆಯೋರಿಗೂ ನನಗೂ ಏನೂ ಇಲ್ಲ ಅಂತ ಊರಿಗೆ ಗೊತ್ತಾಗ್ಲಿ. ಬಂದು ಟಾಕೀಸಲ್ಲಿ ಕೂರೋಕೆ ಹೇಳಿ."

ಊರು ನೋಡಲಿ ಅಂತ ಅವನು ಕರೆದ. ಅವನು ನೋಡಲಿ ಅಂತ ನಾನು ಹೋದೆ.

ಮೇಲಿನ ಆಫೀಸಿಗೆ ಹೋಗಬೇಕಾದರೆ ನನ್ನ ಕಿಟಕಿ ದಾಟಿಯೇ ಹೋಗಬೇಕು. ಮೊದಲ ದಿನ ನಗುತ್ತಾ ಬಂದ. "ಊಟ ಆಯ್ತಾ ಲಾನ್ ಹೋ?" ಅಂದ. "ನಂದಾಯ್ತು ಯಜಮಾನ್ರೇ. ನನ್ನ ತಮ್ಮಂದು ಆಗಿಲ್ಲ" ಅಂದೆ. ಮಾರನೆಯ ದಿನವೂ ಅದನ್ನೇ ಹೇಳಿದೆ. ಅವನು ಕೇಳುವುದನ್ನು ಬಿಟ್ಟ ಮೇಲೂ ಹೇಳಿದೆ. ಕೆಲಸದಿಂದ ತೆಗೆಯುವ ಹಾಗಿಲ್ಲ, ತೆಗೆದರೆ ಊರು ಯಾಕೆ ಅಂತ ಕೇಳುತ್ತದೆ. ಈಗ ಅವನು ಮುಂಬಾಗಿಲಿಂದ ಬರುವುದೇ ಇಲ್ಲ. ಸಕ್ಕರೆ ಕಾಯಿಲೆಯ ಮುದುಕ, ಊದಿದ ಕಾಲು ಎಳೆದುಕೊಂಡು ಹಿತ್ತಲ ಕಬ್ಬಿಣದ ಏಣಿ ಹತ್ತುತ್ತಾನೆ. ನಿನ್ನ ಹನ್ನೆರಡು ಪೆಟ್ಟು ಸುಳ್ಳು, ತಂಗಿ. ಇದು ನಿಜದ್ದು. ಅವನು ಹತ್ತುವ ಸದ್ದು ನನಗೆ ದಿನಾ ಕೇಳುತ್ತದೆ.

ಇನ್ನೊಂದು ಕಾರಣ ಇದೆ. ಪ್ರೊಜೆಕ್ಟರ್ ಓಡಿಸುವ ಪುನ್ ಮಾಮ ನಿನಗೆ ಗೊತ್ತು. ಆಗ ಅವನು ಚೌನ ಲಾರಿ ಡ್ರೈವರ್ ಆಗಿದ್ದ. ನಮ್ಮ ಹುಡುಗ ಸತ್ತ ತಿಂಗಳಲ್ಲೇ ಅವನಿಗೆ ಈ ಆರಾಮದ ಕೆಲಸ ಸಿಕ್ಕಿತು. ಯಾಕೆ ಅಂತ ಯೋಚಿಸುತ್ತಾ ಅವನಿಗೆ ದಿನಾ ಮಧ್ಯಾಹ್ನ ಕಾಫಿ ಕೊಂಡೊಯ್ಯುತ್ತಿದ್ದೆ. ಒಂದು ವರ್ಷ ಕೊಟ್ಟೆ. ಒಂದು ದಿನ ರೀಲು ಸುತ್ತುತ್ತಾ ಕೂತವನು ಸುಮ್ಮನೆ ಅಳಲು ಶುರುಮಾಡಿದ. ಅಳುತ್ತಲೇ ಎಲ್ಲ ಹೇಳಿದ.

ನಿನ್ನ ಕ್ವಾನ್‌ಗೆ ಹೇಳು, ಅಲ್ಲಿ ಹೊಡೆದಾಟ ಆಗಲೇ ಇಲ್ಲ. ಅದಿರಿನ ಶೆಡ್ಡಿಗೆ ಕರೆಸಿದ್ದರು. "ಬಾಪ್ಪಾ, ಕೂತು ಬಗೆಹರಿಸ್ಕೊಳೋಣ" ಅಂತ ಚಹಾ ಕೊಟ್ಟರು. ಬಿಸಿಯಿತ್ತು, ಅವನು ಊದುತ್ತಿದ್ದ. ಹಿಂದಿನಿಂದ ಇಬ್ಬರು ತೋಳು ಹಿಡಿದರು. ನಿನಗೆ ಕಾಲೆತ್ತಲು ಕಲಿಸಿದವನಿಗೆ ಒಂದು ಸಲ ಕಾಲೆತ್ತಲೂ ಬಿಡಲಿಲ್ಲ. ಚೌ ತನ್ನ ಬೆರಳಿನ ಹಸಿರು ಕಲ್ಲಿನ ಉಂಗುರ ತೆಗೆದು, ಒಡೆದೀತು ಅಂತ ಪುನ್ ಮಾಮನ ಕೈಗೆ ಕೊಟ್ಟ. ಆಮೇಲೆ ಗುದ್ದಲಿಯ ಕಾವು ತೆಗೆದುಕೊಂಡ. ಕಮ್ ಶೆಂಗ್ ಒಂದೇ ಮಾತು ಹೇಳಿದನಂತೆ: "ಆ ಹೆಂಗಸ್ರಿಗೆ ಕೊಡೋದನ್ನ ಕೊಟ್ಬಿಡಿ."

"ನಾನು ಉಂಗುರ ಹಿಡ್ಕೊಂಡು ನಿಂತಿದ್ದೆ ಕಣಮ್ಮ" ಅಂದ ಪುನ್ ಮಾಮ. "ಕೈ ಬೆವರ್ತಿತ್ತು. ಜಾರಿ ಬಿದ್ರೆ ಯಜಮಾನ್ರು ಬೈತಾರೆ ಅಂತ ಹೆದರ್ಕೊಂಡಿದ್ದೆ. ಅದೊಂದೇ ಹೆದರಿಕೆ ನಂಗಿದ್ದಿದ್ದು."

ಪೊಲೀಸರಿಗೆ ಹೇಳು ಅಂದೆ. "ನಂಗಿಬ್ರು ಹೆಣ್ಮಕ್ಳು" ಅಂದ. "ನಮ್ಮಮ್ಮನಿಗೂ ಈಗ ಇಬ್ರೇ" ಅಂದೆ. ಎದ್ದು ರೀಲು ಹಾಕಲು ಹೋದ. ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಬಿಳಿ ಬನಿಯನ್, ಖಾಕಿ ಚಡ್ಡಿ. ಹೊರಡುವಾಗ ಅಂದದ್ದು: "ಅಕ್ಕಾ, ಮೀನು ಎತ್ತಿಡು, ಬಂದು ತಿಂತೀನಿ." ಡೈಲಾಗ್ ಮಾಡುವಂಥದ್ದು ಏನೂ ಇಲ್ಲ.

ಅವನನ್ನು ಕುಡುಕ ಅಂತ ತೋರಿಸಿದರೆ ನಾನೇ ಹಾಂಗ್‌ಕಾಂಗಿಗೆ ಬಂದು ನಿನ್ನ ಕ್ವಾನ್‌ನ ಚರ್ಮ ಸುಲಿಯುತ್ತೇನೆ.

ನಿನ್ನ ಅಕ್ಕ

ಕೌಲೂನ್
24 ಜುಲೈ 1973

ಅಕ್ಕಾ,

ನಿನ್ನ ಕಾಗದ ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ. ಎದ್ದಾಗ ಶೂಟಿಂಗ್ ವ್ಯಾನು ಹೋಗಿಯಾಗಿತ್ತು.

ಕುಡುಕ ಹೋದ, ಹಾಡುವ ಹುಡುಗಿಯೂ ಹೋದಳು. ಕ್ವಾನ್‌ನನ್ನು ಹೇಗೋ ಒಪ್ಪಿಸಿದೆ. ಹೇಗೆ ಅಂತ ಕೇಳಬೇಡ, ಅವನಿಗೆ ಬೇಕಾದ್ದು ಅವನಿಗೆ ಸಿಗುತ್ತದೆ, ನನಗೆ ಬೇಕಾದ್ದು ನನಗೆ.

ನಿನ್ನೆ ಆ ದೃಶ್ಯ ತೆಗೆದೆವು. ಒಂದು ಹಳೆಯ ಗೋದಾಮಿನಲ್ಲಿ. ಬಿಳಿ ಬನಿಯನ್, ಖಾಕಿ ಚಡ್ಡಿ. ಯಜಮಾನನ ಪಾತ್ರ ಮಾಡುವವನು ಹಳೆಯ ಬಯಲಾಟದ ನಟ, ಮನೆಯಲ್ಲಿ ಹಕ್ಕಿ ಸಾಕುವ ಸಾಧು ಮನುಷ್ಯ. "ಹೇಗಮ್ಮ ಮಾಡ್ಲಿ? ಕಣ್ಣು ಕೆಂಪಗೆ ಮಾಡ್ಕೊಳ್ಲಾ?" ಅಂದ. "ಬೇಡಿ. ಮನೆಯಲ್ಲಿ ಮೊಳೆ ಹೊಡೆಯೋ ಹಾಗೆ ಮಾಡಿ" ಅಂದೆ. ಉಂಗುರ ತೆಗೆದು ಕೊಟ್ಟ. ಮಾಡಿದ. ನಮ್ಮ ಕಂಪನಿಯಲ್ಲಿ ದಿನಕ್ಕೆ ನಾಲ್ಕು ಸಲ ಸಾಯುವ ಹುಡುಗರಿದ್ದಾರೆ, ಸತ್ತು ಎದ್ದು ಬೀಡಿ ಹಚ್ಚುವವರು. ಅವರೂ ಬೀಡಿ ಹಚ್ಚಲಿಲ್ಲ. ಕ್ವಾನ್ 'ಕಟ್' ಅನ್ನುವುದನ್ನು ಮರೆತ, ರೀಲು ಖಾಲಿಯಾಗುವ ತನಕ ಓಡಿತು. ಆ ನಟ ಕಾವನ್ನು ಕೆಳಗಿಟ್ಟು ಹೊರಗೆ ಹೋಗಿ ಕೈ ತೊಳೆದುಕೊಂಡ. ನನಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು, ಎದುರಿಗೆ ಯಾರೂ ಇರಲಿಲ್ಲ.

ಟಿಕೆಟ್ ಕಿಟಕಿಯ ಬಗ್ಗೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಬಟ್ಟೆ ಹೊಲಿಯುತ್ತಿದ್ದೇನೆ ಅಂತ ಸುಳ್ಳು ಬರೆದೆಯಲ್ಲ, ಆ ಕೋಪ ಹಾಗೇ ಇದೆ. ಇನ್ನು ಸುಳ್ಳು ಬರೆಯಬೇಡ ನನಗೆ.

ಮುಂದಿನ ವಾರ ಕೊನೆಯ ಹೊಡೆದಾಟ. ಹನ್ನೆರಡೂ ನಾನೇ ಕೊಡುವುದು.

ಯೋಕ್ ಚಿಂಗ್

ಕೌಲೂನ್
30 ಸೆಪ್ಟೆಂಬರ್ 1973

ಅಕ್ಕಾ,

ಪಿಕ್ಚರ್ ಮುಗಿಯಿತು. ಎಲ್ಲ ಚೆನ್ನಾಗಿದೆ. ಕೈ ಸ್ವಲ್ಪ ಉಳುಕಿದೆ, ಅದಕ್ಕೆ ರೂಮಿನ ಗೆಳತಿಯ ಕೈಯಲ್ಲಿ ಬರೆಸುತ್ತಿದ್ದೇನೆ. ಹೊಸವರ್ಷದ ಹಬ್ಬಕ್ಕೆ ನಿಮ್ಮ ಕಡೆಯ ಟಾಕೀಸುಗಳಿಗೂ ಬರುತ್ತದಂತೆ. ಅಮ್ಮನಿಗೆ ಗೊತ್ತಾಗದಂತೆ ನೋಡಿಕೋ.

ಯೋಕ್ ಚಿಂಗ್

ಸುಂಗೈ ಕೆಲಾಂಬು
28 ಜನವರಿ 1974

ಯೋಕ್ ಚಿಂಗ್,

ನಿನ್ನ ಪಿಕ್ಚರ್ ನಮ್ಮೂರಿಗೆ ಬಂತು. ಚೌ ಟಾಕೀಸಿಗೇ ಬಂತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹಬ್ಬದ ಹಿಂದಿನ ದಿನ ಡಬ್ಬಗಳು ಬಂದವು. ಪುನ್ ಮಾಮ ಬೆಳಗ್ಗೆ ಒಬ್ಬನೇ ಓಡಿಸಿ ನೋಡಿದ. ಕೆಳಗಿಳಿದು ನನ್ನ ಕಿಟಕಿಗೆ ಬಂದು ನಿಂತ. "ನಿನ್ ತಂಗಿಗೆ ಬರೆದಿದ್ಯಾ?" ಅಂದ. "ಹೂಂ" ಅಂದೆ. "ಯಜಮಾನ್ರಿಗೆ ಹೇಳಿ ವಾಪಸ್ ಕಳಿಸಲಾ?" ಅಂದ. "ನಿಮ್ಮಿಷ್ಟ ಮಾಮ" ಅಂದೆ. ಮೇಲೆ ಹೋದ. ಹೇಳಲಿಲ್ಲ.

ಹಬ್ಬದ ಮೂರನೆಯ ದಿನ ಯಾರೂ ಯಾರ ಮನೆಗೂ ಹೋಗುವುದಿಲ್ಲ, ಹೋದರೆ ವರ್ಷವಿಡೀ ಜಗಳ. ಹಾಗಾಗಿ ಊರಿಗೆ ಊರೇ ಮಧ್ಯಾಹ್ನದ ಆಟಕ್ಕೆ ಬಂದಿತ್ತು. ಚೌ ತನ್ನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕರಕೊಂಡು ಬಾಲ್ಕನಿಯಲ್ಲಿ ಕೂತಿದ್ದ, ವರ್ಷವೂ ಹಾಗೆಯೇ. ಸಾಲು ಕರಗುತ್ತಾ ಬಂತು. ಕೊನೆಗೆ ಕಿಟಕಿಯ ಮುಂದೆ ಒಂದು ಕೈ ದುಡ್ಡು ಇಟ್ಟಿತು. ನೋಡಿದರೆ ಅಮ್ಮ. ಹಬ್ಬದ ಬಣ್ಣದ ಅಂಗಿ, ತಲೆಗೆ ಎಣ್ಣೆ.

"ಒಂದು ಟಿಕೆಟ್ ಕೊಡು."

"ಅಮ್ಮಾ, ಇದು ನಿಂಗೆ ಹಿಡಿಸಲ್ಲ, ಹೊಡೆದಾಟದ್ದು. ಮನೆಗೆ ಹೋಗು."

"ಗೋಡೆ ಮೇಲೆ ಅಂಟಿಸಿರೋ ಚಿತ್ರದಲ್ಲಿ ಹಾರ್ತಿರೋಳು ನಮ್ಮ ಚಿಕ್ಕವಳು. ಗಂಡಸಿನ ಅಂಗಿ ಹಾಕಿಸಿದ್ರೆ ನಂಗೆ ಗೊತ್ತಾಗಲ್ವಾ? ಹೆತ್ತಿರೋ ಕಾಲು ಅದು. ಟಿಕೆಟ್ ಕೊಡು."

ಕೊಟ್ಟೆ. ಕಿಟಕಿ ಮುಚ್ಚಿ ಅವಳ ಹಿಂದೆಯೇ ಓಡಿದೆ.

ಮೊದಲು ಎಲ್ಲ ನಗು, ಶಿಳ್ಳೆ. ಆಮೇಲೆ ಗಣಿ ಬಂತು. ಹೊಂಡ ಬಂತು. ಬೀಜ ಕಚ್ಚುವ ಸದ್ದು ನಿಂತಿತು. ಬಿಳಿ ಬನಿಯನ್ ಹುಡುಗ ಶೆಡ್ಡಿನೊಳಗೆ ಕೂತು ಚಹಾ ಊದಿದ. ಯಜಮಾನ ಉಂಗುರ ತೆಗೆದ. ನಾನು ಅಮ್ಮನ ಕಣ್ಣಿಗೆ ಕೈ ಅಡ್ಡ ಹಿಡಿದೆ. ಅವಳು ನನ್ನ ಕೈಯನ್ನು ಕೊಡವಿ ಎದ್ದಳು. ಪರದೆಯ ಕಡೆ ನೋಡಲೇ ಇಲ್ಲ. ಪರದೆಗೆ ಬೆನ್ನು ಮಾಡಿ ಬಾಲ್ಕನಿಯ ಕಡೆ ತಿರುಗಿದಳು.

"ಚೌ ಪಾಕ್ ತಿನ್! ಕೆಳಗಿಳಿದು ಬಾರೋ!"

ನಮ್ಮಮ್ಮ, ಯೋಕ್ ಚಿಂಗ್. ಕೋಳಿಗೂ ಜೋರಾಗಿ ಗದರದ ನಮ್ಮಮ್ಮ.

"ನನ್ನ ಮಗನ ಹೆಣ ತೊಳೆದೋಳು ನಾನು! ಕುತ್ತಿಗೆ ಮುರಿದಿದ್ದು ನಂಗೆ ಕಾಣ್ಲಿಲ್ಲ ಅಂದ್ಕೊಂಡ್ಯಾ? ಪಕ್ಕೆ ಮುಟ್ಟಿದ್ರೆ ಒಳಕ್ಕೆ ಹೋಗ್ತಿತ್ತು ಕಣೋ!"

ನಾವು ಯಾರಿಂದ ಮುಚ್ಚಿಟ್ಟೆವು ತಂಗಿ? ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಹೆಣ್ಣುಮಕ್ಕಳಿಬ್ಬರೂ ಹೆದರಿ ಸಾಯುತ್ತಾರೆ ಅಂತ ಅವಳು ನಮ್ಮಿಂದ ಮುಚ್ಚಿಟ್ಟಿದ್ದಳು. ಆಮೇಲೆ ಮನೆಗೆ ಬಂದು ನನ್ನನ್ನೂ ಬೈದಳು: "ನೀವು ನನ್ನ ಮಂಕು ಅಂದ್ಕೊಂಡ್ರಿ. ನಾನು ನಿಮ್ಮನ್ನ ಹೇಡಿಗಳು ಅಂದ್ಕೊಂಡೆ."

ಚೌ ಎದ್ದು ನಿಂತು "ನಿಲ್ಸೋ! ಪಿಕ್ಚರ್ ನಿಲ್ಸೋ!" ಅಂತ ಕೂಗಿದ. ಪಿಕ್ಚರ್ ನಿಲ್ಲಲಿಲ್ಲ. ಪುನ್ ಮಾಮ ಒಳಗಿಂದ ಅಗುಳಿ ಹಾಕಿಕೊಂಡಿದ್ದ. ಚೌನ ಮಗ ಬಾಗಿಲು ಬಡಿಯುತ್ತಿದ್ದ, ಪರದೆಯ ಮೇಲೆ ಹೊಡೆತ ಬೀಳುತ್ತಲೇ ಇತ್ತು. ಗಣಿಯಲ್ಲಿ ಸತ್ತ ಐವರ ಹೆಂಡಂದಿರೂ ಒಬ್ಬೊಬ್ಬರಾಗಿ ಎದ್ದು ಅಮ್ಮನ ಪಕ್ಕ ಬಂದು ನಿಂತರು. ಯಾರೋ ಬಾಲ್ಕನಿಗೆ ಕಿತ್ತಳೆ ಎಸೆದರು. ಆಮೇಲೆ ಎಲ್ಲರೂ ಎಸೆದರು, ಹಬ್ಬದ ಕಿತ್ತಳೆ, ಚಪ್ಪಲಿ, ಸೋಡಾ ಬಾಟಲಿ. ಚೌ ಹಿತ್ತಲ ಏಣಿಯಿಂದ ಇಳಿದು ಓಡಿದ.

ಕೊನೆಯ ರೀಲು ಮುಗಿದ ಮೇಲೆ ಪುನ್ ಮಾಮ ಕೆಳಗೆ ಬಂದ. ಎಲ್ಲರ ಎದುರಿಗೆ ಅಮ್ಮನ ಕಾಲ ಬಳಿ ಕುಕ್ಕರಿಸಿ, "ಅವನನ್ನ ಹೊಂಡಕ್ಕೆ ಸಾಗಿಸಿದ ಲಾರಿ ಓಡಿಸಿದ್ದು ನಾನು" ಅಂದ. ಅಮ್ಮ ಅವನನ್ನು ಎಬ್ಬಿಸಲಿಲ್ಲ, ಬೈಯಲೂ ಇಲ್ಲ. "ಈಗ ನಡಿ, ಅಲ್ಲಿ ಹೇಳು" ಅಂದಳು. ಊರಿನ ಠಾಣೆಗಲ್ಲ, ಪೇಟೆಯ ದೊಡ್ಡ ಠಾಣೆಗೆ ಲಾರಿ ತುಂಬ ಜನ ಹೋದೆವು. "ಹಬ್ಬ ಮುಗಿಸ್ಕೊಂಡು ಬನ್ನಿ" ಅಂದರು. ಅಮ್ಮ ಬೆಂಚಿನ ಮೇಲೆ ಕೂತಳು. ಬರೆದುಕೊಂಡ ಮೇಲೆಯೇ ಎದ್ದಳು.

ಈಗ ನಿನ್ನ ವಿಷಯ. ಪಿಕ್ಚರ್ ಉದ್ದಕ್ಕೂ ನಿನ್ನನ್ನು ಗುರುತು ಹಿಡಿದೆ. ಸುಣ್ಣದ ಗೂಡಿನ ತುದಿಯಿಂದ ಹಾರುವುದೂ ನೀನೇ. ಆದರೆ ನೆಲ ಮುಟ್ಟುವ ಮೊದಲೇ ಕತ್ತರಿಸಿದ್ದಾರೆ. ಅಲ್ಲಿಂದಾಚೆಗೆ ನೀನಿಲ್ಲ. ಕೊನೆಯ ಹೊಡೆದಾಟದಲ್ಲಿ ಟೋಪನ್ ಹಾಕಿರುವವನು ಯಾವನೋ ಗಂಡಸು, ಎಮ್ಮೆ ಕುಣಿದ ಹಾಗೆ ಕುಣಿಯುತ್ತಾನೆ. ಹನ್ನೆರಡು ಪೆಟ್ಟಿನಲ್ಲಿ ಒಂದೂ ನಿನ್ನದಲ್ಲ. ಜನ ಚಪ್ಪಾಳೆ ತಟ್ಟಿದರು. ನಾನು ನಿನ್ನನ್ನು ಹುಡುಕುತ್ತಿದ್ದೆ.

ಕೈ ಉಳುಕಿದೆ ಅಂದೆ. ಎಲ್ಲಿ ಬಿದ್ದಿದ್ದೀಯ? ಸುಳ್ಳು ಬರೆಯಬೇಡ ಅಂದವಳು ನೀನೇ.

ನಿನ್ನ ಅಕ್ಕ

ಕೌಲೂನ್
20 ಫೆಬ್ರವರಿ 1974

ಅಕ್ಕಾ,

ಅಮ್ಮ ಕೂಗಿದ್ದನ್ನು ಓದಿ ವಾರ್ಡಿನಲ್ಲಿ ನಾನೂ ಕೂಗಿದೆ. ನರ್ಸು ಓಡಿಬಂದಳು.

ನಿಜ ಕೇಳು. ಆ ಗೂಡಿನ ತುದಿಯಿಂದ ಯಾರೂ ಹಾರಲು ಒಪ್ಪಿರಲಿಲ್ಲ. ಕೆಳಗೆ ಹಾಕಲು ಹಾಸಿಗೆಗಳಿರಲಿಲ್ಲ, ರಟ್ಟಿನ ಪೆಟ್ಟಿಗೆಗಳು ಮಾತ್ರ. ಕ್ವಾನ್‌ಗೆ ಆ ಹಾರಾಟ ಬೇಕೇ ಬೇಕು, ಪೋಸ್ಟರ್‌ಗೂ ಅದೇ. "ನಾನು ಹಾರ್ತೀನಿ. ಅಣ್ಣ ಸಾಯೋದನ್ನ ನಾನು ಹೇಳಿದ ಹಾಗೆ ತೆಗೀಬೇಕು" ಅಂದೆ. ಅವನು ಮಾತಿಗೆ ತಪ್ಪಲಿಲ್ಲ. ನಾನೂ ತಪ್ಪಲಿಲ್ಲ. ಪೆಟ್ಟಿಗೆಗಳೇ ತಪ್ಪಿದವು. ಎಡಮಂಡಿ ಪುಡಿ, ಮಣಿಕಟ್ಟು ಎರಡು ಕಡೆ ಮುರಿದಿದೆ. ಮಂಡಿಗೆ ಇನ್ನೊಂದು ಆಪರೇಷನ್ ಇದೆ. ಡಾಕ್ಟರು ನಡೆಯುತ್ತೀ ಅಂದರು. ಒದೆಯುತ್ತೇನಾ ಅಂತ ಕೇಳಿದೆ. ತಲೆ ಬಗ್ಗಿಸಿ ಏನೋ ಬರೆಯತೊಡಗಿದರು.

ಅಯ್ಯೋ ಅನ್ನಬೇಡ. ಅಯ್ಯೋ ಅಂದರೆ ಕಾಗದ ಹರಿದು ಹಾಕುತ್ತೇನೆ. ಕ್ವಾನ್ ಕಿತ್ತಳೆ ಹಿಡಿದು ಬಂದಿದ್ದ, ಮುಂದಿನ ಪಿಕ್ಚರ್ ಹುಡುಗರಿಗೆ ಬೀಳುವುದನ್ನು ಕುರ್ಚಿಯಲ್ಲಿ ಕೂತು ಹೇಳಿಕೊಡು ಅಂದ. ಮೊದಲು ಹಾಸಿಗೆ ಕೊಂಡುಕೋ, ಆಮೇಲೆ ಬರುತ್ತೇನೆ ಅಂದೆ.

ನನ್ನ ಕೋಪ ಬೇರೆಯದು. ಹನ್ನೆರಡು ಪೆಟ್ಟು ಆ ಎಮ್ಮೆಗೆ ಹೋದವಲ್ಲ ಅಕ್ಕಾ. ನಿದ್ದೆಯಲ್ಲೂ ಎಣಿಸುತ್ತೇನೆ.

ಕೇಸಿಗೆ ಬರಲು ಆಗುವುದಿಲ್ಲ. ಏನೇ ಆದರೂ ಬರೆ. ಒಂದು ಮಾತೂ ಬಿಡದೆ ಬರೆ.

ನಿನ್ನ ತಂಗಿ

ಸುಂಗೈ ಕೆಲಾಂಬು
8 ನವೆಂಬರ್ 1974

ಯೋಕ್ ಚಿಂಗ್,

ನಿನ್ನೆ ತೀರ್ಪಾಯಿತು.

ಚೌನ ವಕೀಲ ನಿನ್ನ ಪಿಕ್ಚರನ್ನೇ ಹಿಡಿದುಕೊಂಡಿದ್ದ. ಪುನ್ ಮಾಮನನ್ನು ಕಟಕಟೆಯಲ್ಲಿ ನಿಲ್ಲಿಸಿ, "ಉಂಗುರ, ಚಹಾ, ಗುದ್ದಲಿ ಕಾವು, ಇದೆಲ್ಲ ನೀನು ನೋಡಿದ್ದು ಶೆಡ್ಡಿನಲ್ಲಲ್ಲ, ಸಿನಿಮಾದಲ್ಲಿ. ಹೌದೋ ಅಲ್ವೋ?" ಅಂತ ಗದರಿದ. ನೀನು ಕಾಲು ಕೊಟ್ಟು ತೆಗೆಸಿದ್ದೇ ನಮಗೆ ಮುಳುವಾಯಿತಲ್ಲ ಅಂದುಕೊಂಡೆ. ಪುನ್ ಮಾಮ, "ಸಿನಿಮಾದಲ್ಲಿ ಚಹಾ ಕಪ್ಪು ಬಿದ್ದು ಒಡೆಯುತ್ತೆ ಸ್ವಾಮಿ. ಅವತ್ತು ಒಡೀಲಿಲ್ಲ. ನಾನೇ ತೊಳೆದಿಟ್ಟೆ" ಅಂದ. ಆ ಕಪ್ಪು ಇನ್ನೂ ಆ ಶೆಡ್ಡಿನಲ್ಲೇ ಇದೆ, ಚೌ ಅದರಲ್ಲಿ ಎಷ್ಟು ಸಲ ಕುಡಿದಿದ್ದಾನೋ ಅಂತಲೂ ಅಂದ. ವಕೀಲ ಹೋಗಿ ಕೂತ.

ಚೌಗೆ ಹತ್ತು ವರ್ಷ. ತೋಳು ಹಿಡಿದ ಇಬ್ಬರಿಗೂ ಆರಾರು. ನೇಣಿಲ್ಲ. ಕೊಲ್ಲುವ ಮನಸ್ಸಿರಲಿಲ್ಲವಂತೆ, ಬುದ್ಧಿ ಕಲಿಸಲು ಹೊಡೆದದ್ದಂತೆ. ಚೌ ಕಣ್ಣುಮುಚ್ಚಿ ಕೈಮುಗಿದ, ಗೆದ್ದವನ ಹಾಗೆ.

ಅಮ್ಮ ಎದ್ದು ನಿಂತಳು. ನ್ಯಾಯಾಧೀಶರಿಗೆ ಅವಳ ಮಾತು ತಿಳಿಯದು, ಅವರದು ಇಂಗ್ಲಿಷು. ಅಮ್ಮ ಹೇಳಿದ್ದನ್ನು ಕೇಳಿ, "ಏನಂತೆ?" ಅಂತ ದುಭಾಷಿಯನ್ನು ಕೇಳಿದರು. ಅವನು ಚೌ ಕಡೆ ಒಂದು ಸಲ, ಅಮ್ಮನ ಕಡೆ ಒಂದು ಸಲ ನೋಡಿ, "ನ್ಯಾಯ ಸಿಕ್ತು ಅಂತ ತಮಗೆ ಥ್ಯಾಂಕ್ಸ್ ಹೇಳ್ತಿದಾರೆ ಸ್ವಾಮಿ" ಅಂದ.

ನಾನು ನಾಲ್ಕನೇ ಕ್ಲಾಸಿನವರೆಗೆ ಕಲಿತ ಇಂಗ್ಲಿಷು ನಿನಗೆ ಗೊತ್ತು. ಎದ್ದೆ. "ಇಲ್ಲ ಸ್ವಾಮಿ. ಥ್ಯಾಂಕ್ಸ್ ಹೇಳ್ಲಿಲ್ಲ. ಅವನು ಸುಳ್ಳು ಹೇಳ್ತಿದಾನೆ. ಅಮ್ಮ ಒಂದು ಪ್ರಶ್ನೆ ಕೇಳಿದ್ಲು. ಹತ್ತು ವರ್ಷ ಆದ್ಮೇಲೆ ಇವನು ಮನೆಗೆ ಬರ್ತಾನೆ. ನನ್ನ ಮಗ ಯಾವಾಗ ಬರ್ತಾನೆ ಅಂತ ಕೇಳಿದ್ಲು."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕಡತ ಮುಚ್ಚಿ ಎದ್ದರು. ಅವರು ಎದ್ದರೆ ಎಲ್ಲರೂ ಎದ್ದು ನಿಲ್ಲಬೇಕು. ಆಗ ಅಮ್ಮ ಕೂತಳು. ಪೊಲೀಸಿನವನು ಬಂದು "ಏಳಮ್ಮ, ಸಾಹೇಬ್ರು ಹೋಗ್ತಿದಾರೆ, ಏಳು" ಅಂದ.

"ಉತ್ತರ ಕೊಟ್ಟು ಹೋಗ್ಲಿ, ಏಳ್ತೀನಿ" ಅಂದಳು.

ನಾನೂ ಕೂತೆ. ಹಿಂದಿನ ಬೆಂಚಿನಲ್ಲಿ ಆ ಐದು ಜನ ಹೆಂಗಸರೂ ಕೂತರು. ಚೌನನ್ನು ಕರಕೊಂಡು ಹೋದರು, ವಕೀಲರು ಹೋದರು, ಫ್ಯಾನು ಆರಿಸಿದರು. ಜವಾನ ಬಂದು ಒಂದೊಂದೇ ಕಿಟಕಿ ಮುಚ್ಚತೊಡಗಿದ. ನಮ್ಮ ಪಕ್ಕದ ಕಿಟಕಿಯ ಹತ್ತಿರ ಬಂದಾಗ ಅವನು ಅದನ್ನು ಮುಚ್ಚದೆ ನಿಂತ. ನಾವು ಯಾರೂ ಎದ್ದಿರಲಿಲ್ಲ.

ಲಾನ್ ಹೋ